ರಕ್ತನಾಳದ ಬ್ಲಾಕಿಗೆ ವಿಟಮಿನ್ ಇ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ವಿಟಮಿನ್ ಇ ಕ್ಯಾಪ್ಸೂಲ್ ಬಗ್ಗೆ ಬಂದಿರುವ ಪತ್ರಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೆಲವು ಪತ್ರಗಳಿಗೆ ತಡಮಾಡದೆ ಉತ್ತರ ಕೊಡಬೇಕಾಗಿದೆ. ಅಂಥದ್ದೊಂದು ಮೊದಲಿಗೆ.

ಪ್ರಶ್ನೆ: ನಮ್ಮ ಯಜಮಾನರಿಗೆ 58 ವರ್ಷ. ಎಂಟು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದರು. ಕೊಲೆಸ್ಟ್ರಾಲ್ ಮಾತ್ರೆ ಲಿವರ್ ಹಾಳು ಮಾಡುತ್ತದೆ, ಅದರ ಬದಲು ದಿನಾ ಒಂದು ವಿಟಮಿನ್ ಇ 400 ನುಂಗಿದರೆ ಬ್ಲಾಕ್ ತಾನಾಗಿಯೇ ಕರಗುತ್ತದೆ ಎಂದು ಅವರ ಗೆಳೆಯರು ಹೇಳಿದ್ದಾರೆ. ಇವರು ಒಂದು ವಾರದಿಂದ ರಾತ್ರಿ ಮಾತ್ರೆ ಬಿಟ್ಟು ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದಾರೆ. ಏನು ಮಾಡಲಿ? – ಓದುಗರೊಬ್ಬರು, ಗದಗ

ಉತ್ತರ: ಇವತ್ತು ರಾತ್ರಿಯಿಂದಲೇ ಆ ಮಾತ್ರೆ ಮತ್ತೆ ಶುರು ಮಾಡಿಸಿ. ಬಿಟ್ಟ ದಿನಗಳ ಲೆಕ್ಕ ಹಿಡಿದು ಎರಡೆರಡು ಕೊಡಬೇಡಿ, ಮೊದಲು ತೆಗೆದುಕೊಳ್ಳುತ್ತಿದ್ದ ಪ್ರಮಾಣವೇ ಸಾಕು. ಆಮೇಲೆ ಮಾತ್ರೆಯ ಪಟ್ಟಿಗಳನ್ನೆಲ್ಲ ಮುಂದಿಟ್ಟುಕೊಂಡು ಬಿಟ್ಟಿರುವುದು ಕೊಲೆಸ್ಟ್ರಾಲ್ ಮಾತ್ರೆ ಒಂದೇ ಹೌದೋ ಅಲ್ಲವೋ ನೋಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್ ಕೂಡ ಬಿಟ್ಟಿದ್ದರೆ ಅದೇ ದಿನ ನಿಮ್ಮ ಹೃದ್ರೋಗ ವೈದ್ಯರಿಗೆ ಫೋನ್ ಮಾಡಿ. ಸ್ಟೆಂಟ್ ಹಾಕಿದ ಮೊದಲ ವರ್ಷದಲ್ಲಿ ಇವನ್ನು ದಿಢೀರನೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಅದು ಜೀವಕ್ಕೆ ಅಪಾಯ.

ಇನ್ನು ಗೆಳೆಯರ ಮಾತು. ಅವರದ್ದು ಕೆಟ್ಟ ಉದ್ದೇಶವಲ್ಲ. ಒಂದು ಕಾಲದಲ್ಲಿ ವಿಜ್ಞಾನಿಗಳೂ ಇದನ್ನೇ ನಂಬಿದ್ದರು, ನಂಬಲು ಕಾರಣವೂ ಇತ್ತು. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕೊಲೆಸ್ಟ್ರಾಲ್ ಕಣ ಅಪಧಮನಿಯ ಒಳಪದರದಡಿಗೆ ನುಸುಳಿ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿ ಅದರ ಕೊಬ್ಬು ಆಮ್ಲಜನಕದೊಂದಿಗೆ ಸೇರಿ ಕೆಡುತ್ತದೆ. ಡಬ್ಬಿಯಲ್ಲಿ ಹಳೆಯದಾದ ಶೇಂಗಾ ಎಣ್ಣೆ ಕಮಟು ಹಿಡಿಯುವುದೂ ಇದೇ ರಾಸಾಯನಿಕ ಕ್ರಿಯೆಯಿಂದ. ಹೀಗೆ ಕೆಟ್ಟ ಕಣಗಳನ್ನು ನಮ್ಮ ರಕ್ಷಕ ಜೀವಕೋಶಗಳು ನುಂಗಿ ನುಂಗಿ ಉಬ್ಬುತ್ತವೆ, ಗೋಡೆಯೊಳಗೇ ಗುಡ್ಡೆ ಬೀಳುತ್ತವೆ. ಬ್ಲಾಕ್ ಬೆಳೆಯುವುದು ಹೀಗೆ. ವಿಟಮಿನ್ ಇ ಕೊಬ್ಬಿನಲ್ಲಿ ಕರಗುವ ಆಂಟಿ ಆಕ್ಸಿಡೆಂಟ್ (ಹೀಗೆ ಕೆಡುವುದನ್ನು ತಡೆಯುವ ವಸ್ತು), ಎಲ್‌ಡಿಎಲ್ ಕಣದೊಳಗೇ ಕೂತಿರುತ್ತದೆ. ಪ್ರನಾಳದಲ್ಲಿ ಇಟ್ಟು ನೋಡಿದಾಗ ಕಣ ಕೆಡುವುದನ್ನು ಅದು ತಡಮಾಡಿಸಿತು. ಹಾಗಾದರೆ ಮನುಷ್ಯನ ರಕ್ತನಾಳದಲ್ಲೂ ತಡೆಯಬೇಕಲ್ಲ ಎಂಬ ಆಸೆ ಹುಟ್ಟಿದ್ದು ಸಹಜ.

ಆ ಆಸೆಯನ್ನು ಪರೀಕ್ಷೆಗೆ ಒಡ್ಡಿದರು. 2000ರಲ್ಲಿ ಪ್ರಕಟವಾದ ಹೋಪ್ ಅಧ್ಯಯನದಲ್ಲಿ ಹೃದಯದ ತೊಂದರೆ ಅಥವಾ ಸಕ್ಕರೆ ಕಾಯಿಲೆಯಿದ್ದ 55 ದಾಟಿದ 9,541 ಮಂದಿ ಇದ್ದರು. ಅರ್ಧದಷ್ಟು ಜನಕ್ಕೆ ದಿನಾ 400 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ನೈಸರ್ಗಿಕ ವಿಟಮಿನ್ ಇ, ಉಳಿದವರಿಗೆ ಔಷಧವಿಲ್ಲದ ಗುಳಿಗೆ. ನಾಲ್ಕೂವರೆ ವರ್ಷದ ಕೊನೆಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದ್ರೋಗದಿಂದ ಸಾವು ಕಂಡವರು ವಿಟಮಿನ್ ಗುಂಪಿನಲ್ಲಿ ಶೇ 16.2, ಇನ್ನೊಂದರಲ್ಲಿ ಶೇ 15.5. ಉಪಯೋಗವೇ ಇಲ್ಲ. ಅವಧಿ ಸಾಲದೇನೋ ಎಂದು ಅವರಲ್ಲಿ ಹಲವರನ್ನು ಸುಮಾರು ಏಳು ವರ್ಷದವರೆಗೂ ಗಮನಿಸಿದರು. ಆಗ ಕಂಡದ್ದು ಇನ್ನೂ ಬೇಸರದ ಸಂಗತಿ: ಹೃದಯ ವೈಫಲ್ಯ ವಿಟಮಿನ್ ತೆಗೆದುಕೊಂಡವರಲ್ಲೇ ಶೇ 13ರಷ್ಟು ಹೆಚ್ಚಾಗಿತ್ತು.

ನಿಮ್ಮ ಯಜಮಾನರಿಗೆ ತೋರಿಸಬೇಕಾದದ್ದು ಬ್ರಿಟನ್ನಿನ ಹಾರ್ಟ್ ಪ್ರೊಟೆಕ್ಷನ್ ಅಧ್ಯಯನ. ಅದು 2002ರದ್ದು, 20,536 ಜನ. ಅದರಲ್ಲಿ ವಿಟಮಿನ್ನನ್ನೂ ಕೊಲೆಸ್ಟ್ರಾಲ್ ಮಾತ್ರೆಯನ್ನೂ ಅದೇ ಜನರಲ್ಲಿ ಒರೆಗೆ ಹಚ್ಚಿದ್ದರು. ದಿನಕ್ಕೆ 600 ಮಿ.ಗ್ರಾಂ ವಿಟಮಿನ್ ಇ, ಜೊತೆಗೆ ವಿಟಮಿನ್ ಸಿ ಮತ್ತು ಬೀಟಾ ಕ್ಯಾರೋಟಿನ್ ಪಡೆದವರಲ್ಲಿ ಶೇ 22.5 ಮಂದಿಗೆ ದೊಡ್ಡ ತೊಂದರೆಯಾಯಿತು. ಪಡೆಯದವರಲ್ಲಿಯೂ ಶೇ 22.5. ಅದೇ 40 ಮಿ.ಗ್ರಾಂ ಸಿಮ್ವಾಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆ (ಸ್ಟಾಟಿನ್ ಗುಂಪಿನದು) ಪಡೆದವರಲ್ಲಿ ಅಂಥ ತೊಂದರೆ ಸುಮಾರು ಕಾಲು ಭಾಗ ಕಡಿಮೆಯಾಯಿತು. ನಿಮ್ಮ ಮನೆಯಲ್ಲಿ ಬಿಟ್ಟದ್ದು ಕೆಲಸ ಮಾಡುವ ಮಾತ್ರೆಯನ್ನು, ಹಿಡಿದದ್ದು ಮಾಡದ ಮಾತ್ರೆಯನ್ನು.

"ಬ್ಲಾಕ್ ಕರಗುತ್ತದೆ" ಎಂಬುದನ್ನೂ ನೇರವಾಗಿ ಅಳೆದು ನೋಡಿದ್ದಾರೆ. ಅಮೆರಿಕದಲ್ಲಿ ಎಲ್‌ಡಿಎಲ್ 130ಕ್ಕೆ ಮೇಲಿದ್ದ 353 ಜನಕ್ಕೆ ಮೂರು ವರ್ಷ ದಿನಾ 400 ಐಯು ಅಥವಾ ಖಾಲಿ ಗುಳಿಗೆ ಕೊಟ್ಟು, ಕುತ್ತಿಗೆಯ ಅಪಧಮನಿಯ ಗೋಡೆ ಎಷ್ಟು ದಪ್ಪವಾಗುತ್ತಿದೆ ಎಂದು ಅಲ್ಟ್ರಾಸೌಂಡ್‌ನಲ್ಲಿ ಮತ್ತೆ ಮತ್ತೆ ಅಳೆದರು. ಕ್ಯಾಪ್ಸೂಲ್ ತೆಗೆದುಕೊಂಡವರ ರಕ್ತದಲ್ಲಿ ವಿಟಮಿನ್ ಏರಿತ್ತು, ಎಲ್‌ಡಿಎಲ್ ಕೆಡುವುದೂ ತಗ್ಗಿತ್ತು. ಗೋಡೆ ದಪ್ಪವಾಗುವುದು ಮಾತ್ರ ನಿಧಾನವಾಗಲಿಲ್ಲ.

ಲಿವರ್ ಭಯಕ್ಕೆ ಒಂದು ಮಾತು. ಸ್ಟಾಟಿನ್‌ನಿಂದ ಕೆಲವರಲ್ಲಿ ಲಿವರ್ ಕಿಣ್ವ ಸ್ವಲ್ಪ ಏರುವುದುಂಟು. ಎಎಲ್‌ಟಿ ಎಂಬ ಪರೀಕ್ಷೆಯಲ್ಲಿ ಮೇಲಿನ ಮಿತಿಯ ಮೂರು ಪಟ್ಟು ದಾಟಿ ಹಾಗೆಯೇ ಉಳಿದರೆ ವೈದ್ಯರು ಮಾತ್ರೆ ಬದಲಿಸುತ್ತಾರೆ ಅಥವಾ ತಗ್ಗಿಸುತ್ತಾರೆ. ಮೈಕೈ ನೋವು ಬಂದರೂ ಹೇಳಿ, ಅದಕ್ಕೂ ದಾರಿಯಿದೆ. ಸುಮ್ಮನೆ ಬಿಡುವುದು ದಾರಿಯಲ್ಲ.

ಪ್ರಶ್ನೆ: ಇಪ್ಪತ್ತೈದು ವರ್ಷದ ಹಿಂದೆ ನಮ್ಮ ತಂದೆಗೆ ವೈದ್ಯರೇ ಹೃದಯಕ್ಕೆಂದು ವಿಟಮಿನ್ ಇ ಬರೆದುಕೊಟ್ಟಿದ್ದರು. ಈಗ ಬೇಡ ಎನ್ನುತ್ತಾರೆ. ಯಾವುದನ್ನು ನಂಬುವುದು? – ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ನಿಮ್ಮ ತಂದೆಯವರಿಗೆ ಬರೆದುಕೊಟ್ಟವರು ಅಂದಿನ ಮಾಹಿತಿಯ ಪ್ರಕಾರ ಸರಿಯಾಗಿಯೇ ನಡೆದುಕೊಂಡಿದ್ದರು. 1993ರಲ್ಲಿ ಅಮೆರಿಕದಿಂದ ಎರಡು ದೊಡ್ಡ ವರದಿ ಒಟ್ಟಿಗೆ ಬಂದವು, ಒಂದು 87 ಸಾವಿರಕ್ಕೂ ಹೆಚ್ಚು ನರ್ಸ್‌ಗಳದ್ದು, ಇನ್ನೊಂದು ಸುಮಾರು 40 ಸಾವಿರ ಪುರುಷ ಆರೋಗ್ಯ ವೃತ್ತಿಯವರದ್ದು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ವಿಟಮಿನ್ ಇ ಗುಳಿಗೆ ತೆಗೆದುಕೊಂಡ ನರ್ಸ್‌ಗಳಲ್ಲಿ ಹೃದ್ರೋಗ ಸುಮಾರು ಶೇ 40 ಕಡಿಮೆ ಕಂಡಿತು. ಪುರುಷರಲ್ಲೂ ಹೆಚ್ಚುಕಡಿಮೆ ಅಷ್ಟೇ.

ಆದರೆ ಯಾರೂ ಆ ಜನಕ್ಕೆ ಗುಳಿಗೆ ಕೊಟ್ಟಿರಲಿಲ್ಲ, ಅವರೇ ಕೊಂಡು ತಿನ್ನುತ್ತಿದ್ದರು. ತಾನಾಗಿಯೇ ವಿಟಮಿನ್ ಕೊಳ್ಳುವವರು ಸಾಮಾನ್ಯವಾಗಿ ವ್ಯಾಯಾಮವನ್ನೂ ಮಾಡುತ್ತಾರೆ, ಸಿಗರೇಟು ಸೇದುವುದು ಕಡಿಮೆ, ಬಿಪಿ ತೋರಿಸಿಕೊಳ್ಳುತ್ತಾರೆ. ಲೆಕ್ಕದಲ್ಲಿ ಇದನ್ನೆಲ್ಲ ಸರಿದೂಗಿಸಲು ಎಷ್ಟೇ ಯತ್ನಿಸಿದರೂ ಪೂರ್ತಿ ಆಗುವುದಿಲ್ಲ. ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಔಷಧ, ಇನ್ನೊಂದಕ್ಕೆ ಅದೇ ರೂಪದ ಖಾಲಿ ಗುಳಿಗೆ ಕೊಟ್ಟಾಗಲೇ ಗುಟ್ಟು ರಟ್ಟಾಗುವುದು.

ನಡುವೆ 1996ರಲ್ಲಿ ಕೇಂಬ್ರಿಡ್ಜ್‌ನ ಕೇಯಾಸ್ ಪರೀಕ್ಷೆ ಭಾರಿ ಹುರುಪು ತಂದಿತು. 2,002 ಹೃದ್ರೋಗಿಗಳಲ್ಲಿ ಪ್ರಾಣ ಉಳಿದ ಹೃದಯಾಘಾತಗಳು ವಿಟಮಿನ್ ಗುಂಪಿನಲ್ಲಿ 14, ಇನ್ನೊಂದರಲ್ಲಿ 41. ಸುದ್ದಿಯಾದದ್ದು ಇದು. ಅದೇ ವರದಿಯಲ್ಲಿದ್ದ ಇನ್ನೊಂದು ಸಾಲು ಸುದ್ದಿಯಾಗಲಿಲ್ಲ: ಹೃದಯ ಸಂಬಂಧಿ ಸಾವು ವಿಟಮಿನ್ ಗುಂಪಿನಲ್ಲಿ 27, ಇನ್ನೊಂದರಲ್ಲಿ 23. ಸಂಖ್ಯೆಗಳು ಇಷ್ಟು ಚಿಕ್ಕದಿದ್ದಾಗ ಎರಡನ್ನೂ ಅನುಮಾನದಿಂದಲೇ ನೋಡಬೇಕಿತ್ತು. ಇಟಲಿಯಲ್ಲಿ ಹೃದಯಾಘಾತವಾಗಿ ಬದುಕಿದ 11,324 ಜನರ ಮೇಲೆ 1999ರಲ್ಲಿ ಮುಗಿದ ಪರೀಕ್ಷೆಯಲ್ಲಿ 300 ಮಿ.ಗ್ರಾಂ ವಿಟಮಿನ್ ಇ ಗಮನಾರ್ಹ ಲಾಭ ಕೊಡಲಿಲ್ಲ. 2005ರಲ್ಲಿ ಪ್ರಕಟವಾದ 39,876 ಆರೋಗ್ಯವಂತ ಮಹಿಳೆಯರ ಪರೀಕ್ಷೆ ಹತ್ತು ವರ್ಷ ನಡೆಯಿತು. ಅದರಲ್ಲಿ ಹೃದಯ ಸಂಬಂಧಿ ಸಾವು ಮಾತ್ರ ಕಡಿಮೆ ಕಂಡರೂ ಹೃದಯಾಘಾತ, ಪಾರ್ಶ್ವವಾಯು, ಒಟ್ಟು ಸಾವು ಯಾವುದೂ ತಗ್ಗಲಿಲ್ಲ. ಇದನ್ನೆಲ್ಲ ತೂಗಿ ನೋಡಿ ಅಮೆರಿಕದ ರೋಗತಡೆ ಕಾರ್ಯಪಡೆ 2022ರಲ್ಲಿ ಹೃದ್ರೋಗ ಅಥವಾ ಕ್ಯಾನ್ಸರ್ ತಡೆಯಲು ವಿಟಮಿನ್ ಇ ತೆಗೆದುಕೊಳ್ಳಬೇಡಿ ಎಂದೇ ಹೇಳಿತು.

ಪ್ರನಾಳದಲ್ಲಿ ಗೆದ್ದದ್ದು ಮೈಯೊಳಗೆ ಯಾಕೆ ಸೋತಿತು? ಹಲವು ವಿವರಣೆಗಳಿವೆ. 2007ರ ಒಂದು ಅಧ್ಯಯನದಲ್ಲಿ, ಕೊಬ್ಬು ಕೆಡುವುದನ್ನು ಸೂಚಿಸುವ ರಕ್ತದ ಅಂಶ ಸ್ಪಷ್ಟವಾಗಿ ಇಳಿಯಲು ದಿನಕ್ಕೆ 1,600 ಐಯು ಅಥವಾ ಹೆಚ್ಚು ಬೇಕಾಯಿತು, ಅದೂ ನಾಲ್ಕು ತಿಂಗಳ ಕಾಲ. ಅಂದರೆ 400ರ ಕ್ಯಾಪ್ಸೂಲ್ ಆ ಕೆಲಸವನ್ನೇ ಸರಿಯಾಗಿ ಮಾಡುತ್ತಿರಲಿಲ್ಲ. ಹಾಗೆಂದು ಪ್ರಮಾಣ ಏರಿಸೋಣವೆಂದರೆ ರಕ್ತಸ್ರಾವದ ಅಪಾಯ ಏರುತ್ತದೆ. ಇನ್ನೊಂದು, ಇತರ ಆಂಟಿ ಆಕ್ಸಿಡೆಂಟ್‌ಗಳ ಆಸರೆಯಿಲ್ಲದಿದ್ದರೆ ವಿಟಮಿನ್ ಇ ತಾನೇ ಅಸ್ಥಿರ ಅಣುವಾಗಿ ಕೊಬ್ಬನ್ನು ಕೆಡಿಸಲೂಬಹುದು. ಜೊತೆಗೆ, ಈ ರೋಗಿಗಳಲ್ಲಿ ಬ್ಲಾಕ್ ಬೆಳೆಯತೊಡಗಿ ದಶಕಗಳೇ ಆಗಿದ್ದವು.

ಪ್ರಶ್ನೆ: ನನಗೆ ಹೃದಯದ ಕವಾಟ ಬದಲಿಸಿದ್ದಾರೆ, ರಕ್ತ ತೆಳುವಾಗಿಸುವ ಅಸಿಟ್ರೋಮ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಕೂದಲು ಉದುರುತ್ತದೆಂದು ಮೆಡಿಕಲ್ ಶಾಪಿನಲ್ಲಿ ವಿಟಮಿನ್ ಇ 400 ಕೊಟ್ಟರು. ಇಪ್ಪತ್ತು ದಿನ ನುಂಗಿದ್ದೇನೆ. ವಸಡಿನಲ್ಲಿ ರಕ್ತ ಬರುತ್ತಿದೆ. – ಓದುಗರು, ಉಡುಪಿ

ಉತ್ತರ: ಕ್ಯಾಪ್ಸೂಲ್ ಇಂದೇ ನಿಲ್ಲಿಸಿ. ಅಸಿಟ್ರೋಮ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ, ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವುದು ಇನ್ನೂ ದೊಡ್ಡ ಅಪಾಯ. ಇವತ್ತು ಅಥವಾ ನಾಳೆಯೊಳಗೆ ಐಎನ್‌ಆರ್ ಪರೀಕ್ಷೆ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆಯುವುದು) ಮಾಡಿಸಿ, ವರದಿಯನ್ನು ವೈದ್ಯರಿಗೆ ತೋರಿಸಿ. ಯಾವ ಕವಾಟ, ಯಾವ ಬಗೆಯದು ಎಂಬುದರ ಮೇಲೆ ಗುರಿ ಬೇರೆಬೇರೆ. ಮೈಟ್ರಲ್ ಜಾಗದ ಲೋಹದ ಕವಾಟಕ್ಕೆ ಸಾಮಾನ್ಯವಾಗಿ 2.5ರಿಂದ 3.5. ಅಸಿಟ್ರೋಮ್ ಪ್ರಮಾಣ ಬದಲಿಸುವ ಲೆಕ್ಕವನ್ನು ಅವರೇ ಮಾಡಲಿ.

ವಿಟಮಿನ್ ಇ ಹೆಚ್ಚಾದರೆ ವಿಟಮಿನ್ ಕೆ ಕೆಲಸಕ್ಕೆ ಅಡ್ಡಬರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳು ತಯಾರಾಗಲು ವಿಟಮಿನ್ ಕೆ ಬೇಕು, ಅಸಿಟ್ರೋಮ್ ತಡೆಯುವುದೂ ಅದನ್ನೇ. ಎರಡೂ ಒಂದೇ ಕಡೆ ಎಳೆದಾಗ ರಕ್ತ ಬೇಕಾದ್ದಕ್ಕಿಂತ ತೆಳುವಾಗುತ್ತದೆ. ಎಲ್ಲರಲ್ಲೂ ಹೀಗಾಗುವುದಿಲ್ಲ, ಆದರೆ ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಈ ವಿಟಮಿನ್ ಕೊಬ್ಬಿನಲ್ಲಿ ಶೇಖರವಾಗುವುದರಿಂದ ನಿಲ್ಲಿಸಿದ ಮರುದಿನವೇ ಪರಿಣಾಮ ಹೋಗದು. ಮೊದಲ ಕೆಲವು ವಾರ ಐಎನ್‌ಆರ್ ಬೇಗಬೇಗ ನೋಡಬೇಕಾಗುತ್ತದೆ. ಮಲ ಟಾರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ಹಿಂದೆಂದೂ ಕಾಣದ ತಲೆನೋವು ಏಕಾಏಕಿ ಬಂದರೆ, ಮಾತು ತೊದಲಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ.

ಅಸಿಟ್ರೋಮ್ ಇಲ್ಲದವರಿಗೂ ಇದು ಪೂರ್ತಿ ನಿರಪಾಯವಲ್ಲ. ಅಮೆರಿಕದ 14,641 ಪುರುಷ ವೈದ್ಯರು ದಿನ ಬಿಟ್ಟು ದಿನ 400 ಐಯು ಅಥವಾ ಖಾಲಿ ಗುಳಿಗೆ ತೆಗೆದುಕೊಂಡ ಪರೀಕ್ಷೆಯಲ್ಲಿ ಮೆದುಳಿನ ರಕ್ತಸ್ರಾವವಾದವರು ವಿಟಮಿನ್ ಗುಂಪಿನಲ್ಲಿ 39, ಇನ್ನೊಂದರಲ್ಲಿ 23. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು, ಬಿಪಿ ಹಿಡಿತದಲ್ಲಿಲ್ಲದವರು ದೂರವಿರುವುದೇ ಒಳ್ಳೆಯದು. ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ಎರಡು ವಾರ ಮೊದಲೇ ನಿಲ್ಲಿಸಿ ಸರ್ಜನ್‌ಗೆ ತಿಳಿಸಿ. ಕ್ಯಾಪ್ಸೂಲ್ ಒಡೆದು ಮುಖಕ್ಕೆ ಹಚ್ಚುವುದರಿಂದ ರಕ್ತ ತೆಳುವಾಗುವ ಭಯ ಬೇಡ. ಕೆಲವರಿಗೆ ತುರಿಕೆ, ದದ್ದು ಬರಬಹುದು, ಅಷ್ಟೆ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗ ತಂದ ಡಬ್ಬಿಯ ಮೇಲೆ 268 ಮಿ.ಗ್ರಾಂ ಎಂದಿದೆ. ಇಲ್ಲಿನ ಹಸಿರು ಕ್ಯಾಪ್ಸೂಲ್ 400 ಮಿ.ಗ್ರಾಂ. ಯಾವುದು ಜೋರು? – ಓದುಗರು, ಮೈಸೂರು

ಉತ್ತರ: ಅಂಕಿ ಚಿಕ್ಕದಿದ್ದರೂ ಮಗ ತಂದದ್ದೇ ಜೋರು. ಡಬ್ಬಿಯ ಹಿಂಭಾಗದಲ್ಲಿ "ಡಿ-ಆಲ್ಫಾ" ಎಂದಿದ್ದರೆ ನೈಸರ್ಗಿಕ, "ಡಿಎಲ್-ಆಲ್ಫಾ" ಎಂದಿದ್ದರೆ ಕಾರ್ಖಾನೆಯಲ್ಲಿ ತಯಾರಾದದ್ದು. ನೈಸರ್ಗಿಕವಾದರೆ ಒಂದು ಐಯುಗೆ 0.67 ಮಿ.ಗ್ರಾಂ, ಆದ್ದರಿಂದ 400 ಐಯು ಅಂದರೆ 268 ಮಿ.ಗ್ರಾಂ. ಕೃತಕದಲ್ಲಿ ಎಂಟು ಬಗೆಯ ಅಣುಗಳು ಬೆರೆತಿರುತ್ತವೆ. ಅವುಗಳಲ್ಲಿ ಅರ್ಧವನ್ನು ಮಾತ್ರ ಲಿವರ್ ಉಳಿಸಿಕೊಳ್ಳುತ್ತದೆ. ಹಾಗಾಗಿ ಇಲ್ಲಿನ ಹಸಿರು ಕ್ಯಾಪ್ಸೂಲ್ ಕೃತಕವಾದರೆ ಅದರ 400 ಮಿ.ಗ್ರಾಂ ಅಂದರೆ 400 ಐಯು, ಅದರಿಂದ ಮೈಗೆ ದಕ್ಕುವುದು 180 ಮಿ.ಗ್ರಾಂ.

ಆದರೆ ಜೋರಾದದ್ದು ಮೇಲು ಎಂದುಕೊಳ್ಳಬೇಡಿ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಅಮೆರಿಕದ ಲೆಕ್ಕದಲ್ಲಿ 15 ಮಿ.ಗ್ರಾಂ, ನಮ್ಮ ದೇಶದ ಶಿಫಾರಸು ಅದಕ್ಕಿಂತಲೂ ಕಡಿಮೆ. ಒಂದು ಕ್ಯಾಪ್ಸೂಲ್ ಅದರ ಹತ್ತಾರು ಪಟ್ಟು. ಗುಳಿಗೆಯ ಮೇಲಿನ ಮಿತಿಯನ್ನು ಅಮೆರಿಕ 1,000 ಮಿ.ಗ್ರಾಂ ಎಂದಿಟ್ಟರೆ ಯುರೋಪ್ 300ಕ್ಕೇ ನಿಲ್ಲಿಸಿದೆ. ಹೋಪ್ ಪರೀಕ್ಷೆಯಲ್ಲಿ ಸೋತದ್ದು ನೈಸರ್ಗಿಕ ಬಗೆಯೇ ಎಂಬುದನ್ನೂ ನೆನಪಿಡಿ.

ಪ್ರಶ್ನೆ: ಗುಳಿಗೆ ಬೇಡವೆಂದರೆ ಊಟದಲ್ಲಿ ಸಿಗುವುದು ಸಾಕೇ? ಯಾವ ಎಣ್ಣೆ ಬಳಸಬೇಕು? – ಗೃಹಿಣಿ, ಕೊಪ್ಪಳ

ಉತ್ತರ: ಸಾಕು, ನಿಮ್ಮ ಕಡೆಯ ಊಟದಲ್ಲಂತೂ ಧಾರಾಳ. ದೊಡ್ಡ ಚಮಚ ಒಂದರಷ್ಟು, ಅಂದರೆ ಸುಮಾರು 14 ಗ್ರಾಂ ಸೂರ್ಯಕಾಂತಿ ಎಣ್ಣೆಯಲ್ಲಿ ಐದೂವರೆ ಮಿ.ಗ್ರಾಂ ವಿಟಮಿನ್ ಇ ಇದೆ. ಕುಸುಬೆ ಎಣ್ಣೆಯಲ್ಲಿ ನಾಲ್ಕೂವರೆ, ಅಕ್ಕಿ ತೌಡಿನ ಎಣ್ಣೆಯಲ್ಲೂ ಹೆಚ್ಚುಕಡಿಮೆ ಅಷ್ಟೇ, ಶೇಂಗಾ ಎಣ್ಣೆಯಲ್ಲಿ ಎರಡು. ಕೊಬ್ಬರಿ ಎಣ್ಣೆಯಲ್ಲಿ ಇಲ್ಲವೇ ಇಲ್ಲವೆನ್ನಬಹುದು. ಒಂದು ಹಿಡಿ, ಸುಮಾರು 28 ಗ್ರಾಂ ಬಾದಾಮಿಯಲ್ಲಿ ಏಳು ಮಿ.ಗ್ರಾಂ, ಅಷ್ಟೇ ಸೂರ್ಯಕಾಂತಿ ಬೀಜದಲ್ಲೂ ಏಳಕ್ಕೆ ಕಡಿಮೆಯಿಲ್ಲ, ಶೇಂಗಾದಲ್ಲಿ ಎರಡಕ್ಕೆ ಸ್ವಲ್ಪ ಮೇಲೆ. ಅರ್ಧ ಬಟ್ಟಲು ಬೇಯಿಸಿದ ಪಾಲಕ್‌ನಲ್ಲಿ ಸುಮಾರು ಎರಡು. ಪಲ್ಯಕ್ಕೆ ಒಗ್ಗರಣೆ, ರೊಟ್ಟಿ ಜೊತೆ ಶೇಂಗಾ ಚಟ್ನಿ, ಒಂದಿಷ್ಟು ಸೊಪ್ಪು ಇದ್ದರೆ ದಿನದ ಲೆಕ್ಕ ಬಹುಪಾಲು ತುಂಬುತ್ತದೆ. ಬಾದಾಮಿ ಕೊಳ್ಳಲೇಬೇಕೆಂದಿಲ್ಲ.

ಒಂದು ಎಚ್ಚರ: ವಿಟಮಿನ್ ಇ ಸಿಗಲಿ ಎಂದು ಎಣ್ಣೆ ಹೆಚ್ಚು ಸುರಿಯಬೇಡಿ. ತಲೆಗೆ ತಿಂಗಳಿಗೆ ಅರ್ಧ ಲೀಟರ್ ಸಾಕು, ನಾಲ್ಕು ಜನರ ಮನೆಗೆ ಎರಡು ಲೀಟರ್. ಬಜ್ಜಿ, ಪೂರಿ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಮೊದಲು ನಾಶವಾಗುವುದೇ ಈ ವಿಟಮಿನ್, ಆಮೇಲೆ ಕೊಬ್ಬು ಕೆಡುವುದಕ್ಕೆ ತಡೆಯೇ ಇರುವುದಿಲ್ಲ. ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆ ಬರತೊಡಗಿದರೆ ಚೆಲ್ಲುವ ಕಾಲ ಮೀರಿದೆ ಎಂದರ್ಥ. ಎಣ್ಣೆಯ ಡಬ್ಬಿ ಒಲೆಯ ಪಕ್ಕ, ಬಿಸಿಲಿನಲ್ಲಿ ಇಡಬೇಡಿ.

ನಿಜವಾದ ಕೊರತೆ ಬಲು ಅಪರೂಪ. ಕೊಬ್ಬು ಜೀರ್ಣವಾಗದ ಕರುಳು, ಮೇದೋಜೀರಕ ಅಥವಾ ಪಿತ್ತನಾಳದ ಕಾಯಿಲೆ ಇರುವವರಲ್ಲಿ, ಕೆಲವು ವಂಶವಾಹಿ ದೋಷಗಳಲ್ಲಿ ಬರುತ್ತದೆ. ಆಗ ನರಗಳು ಸೊರಗಿ ನಡಿಗೆ ತೂರಾಡುತ್ತದೆ. ಅಂಥವರಿಗೆ ಈ ಗುಳಿಗೆ ನಿಜಕ್ಕೂ ಔಷಧ.

ಪ್ರಶ್ನೆ: ಫ್ಯಾಟಿ ಲಿವರ್‌ಗೆ ವಿಟಮಿನ್ ಇ ಕೊಟ್ಟಿದ್ದಾರೆ. ಹೃದಯಕ್ಕೆ ಕೆಟ್ಟದ್ದೆಂದು ನಿಲ್ಲಿಸಲೇ? – ಓದುಗರು, ಬೆಂಗಳೂರು

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಅದು ಬೇರೆಯೇ ವಿಷಯ. ಸಕ್ಕರೆ ಕಾಯಿಲೆ ಇಲ್ಲದ, ಲಿವರ್ ಉರಿಯೂತ ಬಯಾಪ್ಸಿಯಲ್ಲಿ ಖಚಿತವಾದ ರೋಗಿಗಳಲ್ಲಿ ದಿನಕ್ಕೆ 800 ಐಯು 96 ವಾರ ಕೊಟ್ಟಾಗ ಶೇ 43 ಮಂದಿಯಲ್ಲಿ ಸುಧಾರಣೆ ಕಂಡಿತು, ಖಾಲಿ ಗುಳಿಗೆಯಲ್ಲಿ ಶೇ 19. ಇದು 2010ರ ಫಲಿತಾಂಶ. ಸ್ಕ್ಯಾನಿನಲ್ಲಿ ಬರೀ "ಗ್ರೇಡ್ 1" ಎಂದು ಬಂದವರಿಗೆಲ್ಲ ಇದು ಅನ್ವಯಿಸುವುದಿಲ್ಲ. ವೈದ್ಯರಲ್ಲಿ ಎರಡು ಮಾತು ಕೇಳಿ: ಎಷ್ಟು ಕಾಲ ತೆಗೆದುಕೊಳ್ಳಬೇಕು, ನನ್ನ ಬೇರೆ ಮಾತ್ರೆಗಳ ಜೊತೆ ನಡೆಯುತ್ತದೆಯೇ. ನೀವು 50 ದಾಟಿದ ಪುರುಷರಾದರೆ ಪ್ರಾಸ್ಟೇಟ್ ಬಗ್ಗೆಯೂ ಕೇಳಿ. ದಿನಾ 400 ಐಯು ಪಡೆದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17 ಹೆಚ್ಚಾದದ್ದು 2011ರಲ್ಲಿ ವರದಿಯಾಗಿದೆ.

ಪ್ರಶ್ನೆ: ನನಗೆ 62. ಬೀಡಿ ಸೇದುತ್ತೇನೆ. ನಡೆಯುವಾಗ ಮೀನಖಂಡ ಹಿಡಿದುಕೊಳ್ಳುತ್ತದೆ. ಮೊದಲು ರಾತ್ರಿ ಕಾಲು ಸೆಳೆತಕ್ಕೆ ವಿಟಮಿನ್ ಇ ಕೊಟ್ಟಿದ್ದರು, ಅದನ್ನೇ ಮುಂದುವರಿಸಲೇ? – ರೈತರು, ಹಿರಿಯೂರು

ಉತ್ತರ: ಇವೆರಡೂ ಒಂದೇ ನೋವಲ್ಲ. ರಾತ್ರಿ ಮಲಗಿದಾಗ ಮೀನಖಂಡ ಗಂಟು ಕಟ್ಟಿ, ಪಾದ ಮೇಲಕ್ಕೆ ಎಳೆದರೆ ಬಿಡುವುದು ಸ್ನಾಯು ಸೆಳೆತ. ಇಷ್ಟು ದೂರ ನಡೆದಾಗ ಬಂದು, ನಿಂತರೆ ಐದಾರು ನಿಮಿಷದಲ್ಲಿ ಹೋಗಿ, ಮತ್ತೆ ಅಷ್ಟೇ ದೂರಕ್ಕೆ ಮರಳುವ ನೋವು ಕಾಲಿನ ಅಪಧಮನಿ ಕಟ್ಟಿಕೊಂಡದ್ದರ ಗುರುತು. ನಿಂತರೂ ಹೋಗದೆ, ಕೂತು ಮುಂದೆ ಬಾಗಿದರೆ ಮಾತ್ರ ಹೋದರೆ ಬೆನ್ನಿನ ನರದ ತೊಂದರೆ ಇರಬಹುದು. ನೀವು ಹೇಳುವುದು ರಕ್ತನಾಳದ್ದೇ ಇದ್ದಂತಿದೆ, ಅದಕ್ಕೆ ವಿಟಮಿನ್ ಇ ಉಪಯೋಗಕ್ಕೆ ಬರುವುದಿಲ್ಲ.

ವೈದ್ಯರು ಕಾಲು ಮತ್ತು ತೋಳಿನ ರಕ್ತದೊತ್ತಡ ಅಳೆದು ಕಾಲಿನದ್ದನ್ನು ತೋಳಿನದ್ದರಿಂದ ಭಾಗಿಸುತ್ತಾರೆ. 0.9 ಅಥವಾ ಕಡಿಮೆ ಬಂದರೆ ಕಾಲಿನ ನಾಳ ಕಿರಿದಾಗಿದೆ ಎಂದರ್ಥ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ನಾಳ ಗಟ್ಟಿಯಾಗಿ ಈ ಅಂಕಿ ಸುಳ್ಳೇ ಹೆಚ್ಚು ತೋರುತ್ತದೆ, ಅವರಿಗೆ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಬೇಕು.

ಬೀಡಿ ಪೂರ್ತಿ ಬಿಡಬೇಕು. ದಿನಕ್ಕೆ ಎರಡಕ್ಕೆ ಇಳಿಸಿದ್ದೇನೆ ಎಂಬುದು ಕಾಲು ಉಳಿಸುವುದಿಲ್ಲ. ಸ್ಟಾಟಿನ್, ಜೊತೆಗೆ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್ ವೈದ್ಯರು ಕೊಡುತ್ತಾರೆ. ಇನ್ನು ನಡಿಗೆ, ಅದು ಇಲ್ಲಿ ಮದ್ದೇ ಸರಿ. ಸಮತಟ್ಟಾದ ದಾರಿಯಲ್ಲಿ, ಪಾದಕ್ಕೆ ಸರಿಹೊಂದುವ ಚಪ್ಪಲಿ ಅಥವಾ ಬೂಟು ಹಾಕಿ, ನೋವು ಶುರುವಾದ ಕೂಡಲೇ ನಿಲ್ಲದೆ ಮಧ್ಯಮ ಮಟ್ಟಕ್ಕೆ ಬರುವವರೆಗೂ ನಡೆಯಿರಿ. ನಿಲ್ಲಿ, ನೋವು ಪೂರ್ತಿ ಹೋಗಲಿ, ಮತ್ತೆ ನಡೆಯಿರಿ. ಹೀಗೆ ಒಟ್ಟು 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ ಮೂರು ದಿನ, ಹನ್ನೆರಡು ವಾರ. ನೋವಿಲ್ಲದೆ ನಡೆಯುವ ದೂರ ಹೆಚ್ಚುವುದು ನಿಮಗೇ ತಿಳಿಯುತ್ತದೆ. ನಡುವೆ ಎದೆ ಹಿಡಿದುಕೊಂಡರೆ ನಿಲ್ಲಿಸಿ ವೈದ್ಯರನ್ನು ಕಾಣಿ.

ದಿನಾ ರಾತ್ರಿ ಪಾದ, ಬೆರಳ ಸಂದು ನೋಡಿಕೊಳ್ಳಿ. ಗದ್ದೆಯಲ್ಲಿ ಆದ ಚಿಕ್ಕ ಗಾಯವೂ ಒಣಗದಿದ್ದರೆ, ಮಲಗಿದಾಗಲೂ ಪಾದ ನೋಯುತ್ತಿದ್ದರೆ ಆ ವಾರವೇ ತೋರಿಸಿ. ಕಾಲು ದಿಢೀರನೆ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದರೆ ಎಣ್ಣೆ ತಿಕ್ಕುವುದು, ಬಿಸಿನೀರಿನ ಶಾಖ ಕೊಡುವುದು ಮಾಡಬೇಡಿ. ರಕ್ತನಾಳದ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಆಗಲೇ ಹೊರಡಿ, ಕಾಲು ಉಳಿಸಿಕೊಳ್ಳಲು ಇರುವುದು ಕೆಲವೇ ಗಂಟೆ.